ಓಟಿಪಿ ಹೇಳದವರ ದುಡ್ಡೂ ಹೋಗುತ್ತಿದೆ

ಮಾನ್ಯ ಸಂಪಾದಕರೇ,

ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯ ದಲಾಲಿ ಅಂಗಡಿಯೊಂದರಲ್ಲಿ ನಾನು ಗುಮಾಸ್ತ. ಕಳೆದ ಸೀಸನ್‌ನಲ್ಲಿ ಮಾಲು ಮಾರಿದ ರೈತರೊಬ್ಬರು ವಾರದ ನಂತರ ಪಾಸ್‌ಬುಕ್ ಹಿಡಿದು ಬಂದರು. ಖಾತೆ ಖಾಲಿ. 'ಓಟಿಪಿ ಯಾರಿಗೂ ಹೇಳಿಲ್ರಿ ಅಣ್ಣಾರ, ದೇವರಾಣೆ' ಎಂದರು. ಅವರು ಹೇಳಿದ್ದು ನಿಜ. ಊರಿನ ವಾಟ್ಸ್‌ಆ್ಯಪ್ ಗ್ರೂಪಿಗೆ 'ಪಿಎಂ ಕಿಸಾನ್' ಹೆಸರಿನ ಎಪಿಕೆ ಫೈಲ್ (ಒತ್ತಿದರೆ ಫೋನಿಗೆ ಆ್ಯಪ್ ಹಾಕುವ ಫೈಲ್) ಬಂದಿತ್ತು. ಒತ್ತಿದರು, ಅದು ಕೇಳಿದ್ದಕ್ಕೆಲ್ಲ ಒಪ್ಪಿಗೆ ಕೊಟ್ಟರು. ಅಂಥ ಆ್ಯಪ್ ಫೋನಿನೊಳಗೆ ಕೂತರೆ ಮೆಸೇಜನ್ನು ತಾನೇ ಓದಿ ಕಳ್ಳರಿಗೆ ಕಳಿಸುತ್ತದೆ. ಓಟಿಪಿ ಹೇಳೋದೇ ಬೇಕಿಲ್ಲ, ಅಲ್ವಾ?

ನಮ್ಮ ಜಾಗೃತಿ ಇನ್ನೂ 'ಓಟಿಪಿ ಹೇಳಬೇಡಿ' ಅನ್ನುವಲ್ಲೇ ನಿಂತಿದೆ. ಕಳ್ಳರು ಮುಂದೆ ಹೋಗಿ ಬಹಳ ದಿನವಾಯಿತು. ಪೊಲೀಸರ ಸೋಗಿನಲ್ಲಿ 'ನಿಮ್ಮದು ಡಿಜಿಟಲ್ ಅರೆಸ್ಟ್ ಆಗಿದೆ' ಅಂತ ವಿಡಿಯೊ ಕಾಲ್‌ನಲ್ಲಿ ಹೆದರಿಸಿದರೆ ಓದಿದವರೂ ದುಡ್ಡು ಕಳಿಸಿದ್ದಾರೆ. ಹಾಗೆ ಬಂಧಿಸುವ ಕಾನೂನೇ ದೇಶದಲ್ಲಿಲ್ಲ.

ಆ ರೈತರಿಗೆ ಸೈಬರ್ ವಂಚನೆಯ ದೂರು ಕೊಡುವ 1930 ಸಹಾಯವಾಣಿ ನಂಬರ್ ಗೊತ್ತೇ ಇರಲಿಲ್ಲ. ತಕ್ಷಣ ಫೋನ್ ಮಾಡಿದರೆ ದುಡ್ಡು ಖಾತೆಯಿಂದ ಖಾತೆಗೆ ದಾಟುವ ಮೊದಲೇ ತಡೆಹಿಡಿಯುವ ಅವಕಾಶ ಇರುತ್ತದೆ. ವಾರ ಬಿಟ್ಟು ಹೇಳಿದರೆ ದೂರು ದಾಖಲಾಗುತ್ತದೆ, ದುಡ್ಡು ಸಿಗೋದು ಕಷ್ಟ.

ಕಾಲೇಜಿನಲ್ಲಿ ಒಂದು ಭಾಷಣ ಮಾಡಿ ಫೋಟೊ ತೆಗೆಸಿಕೊಂಡರೆ ಅದು ಇಲ್ಲಿಗೆ ಮುಟ್ಟುವುದಿಲ್ಲ. ಎಪಿಎಂಸಿಯವರು ಸೀಸನ್ ಶುರುವಾಗುವ ಮೊದಲೇ ವೇಬ್ರಿಡ್ಜ್ ಗೋಡೆಗೆ 1930 ಅಂತ ದೊಡ್ಡದಾಗಿ ಬರೆಸಲಿ. ಮೈಕಿನಲ್ಲಿ ಎಪಿಕೆ ಫೈಲಿನ ಬಗ್ಗೆ ಎರಡು ಮಾತು ಹೇಳಲಿ, ಅದೂ ನಮ್ಮ ಕಡೆಯ ಮಾತಿನಲ್ಲಿ. ನಾವಂತೂ ಈ ಸಲ ರೈತರಿಗೆ ಕೊಡುವ ಲೆಕ್ಕದ ಪಟ್ಟಿಯ ಹಿಂದೆ ಆ ನಂಬರಿನ ಸೀಲ್ ಒತ್ತುತ್ತೇವೆ.

– ಒಬ್ಬ ಗುಮಾಸ್ತ, ಬ್ಯಾಡಗಿ, ಹಾವೇರಿ ಜಿಲ್ಲೆ