ಕಾರ್ಮಿಕ ಸಚಿವರಿಗೊಂದು ಬಹಿರಂಗ ಪತ್ರ: ಕೆಲಸದಿಂದ ತೆಗೆಯುವ ಮುಂಚೆ ಯಾರಾದರೂ ಕೇಳಲಿ

ಕರ್ನಾಟಕದ ಮಾನ್ಯ ಕಾರ್ಮಿಕ ಸಚಿವರೇ,

ನಮಸ್ಕಾರ. ನಾನು ಜರ್ಮನಿಯ ಸ್ಟುಟ್‌ಗಾರ್ಟ್ ಹತ್ತಿರದ ಒಂದು ಸಣ್ಣ ಊರಿನಲ್ಲಿರುವ ಸಾಫ್ಟ್‌ವೇರ್ ಎಂಜಿನಿಯರ್. ಕಾರಿನ ಬಿಡಿಭಾಗ ಮಾಡುವ ಕಂಪನಿಯಲ್ಲಿ ಕೆಲಸ. ಹುಟ್ಟಿ ಬೆಳೆದದ್ದು ಬೆಂಗಳೂರಿನಲ್ಲಿ. ಅಮ್ಮ, ತಮ್ಮ, ಜೊತೆಗೆ ಓದಿದ ಗೆಳೆಯರು ಎಲ್ಲ ಅಲ್ಲೇ ಇದ್ದಾರೆ. ಅವರಲ್ಲಿ ಜಾಸ್ತಿ ಜನ ಐಟಿಯಲ್ಲೇ ದುಡಿಯುತ್ತಿದ್ದಾರೆ.

ಮೊನ್ನೆ ತಮ್ಮ ಫೋನ್ ಮಾಡಿದ್ದ. ಅವನ ಟೀಮಿನ 4 ಜನರನ್ನು ಒಂದೇ ಮಧ್ಯಾಹ್ನ ಒಬ್ಬೊಬ್ಬರನ್ನಾಗಿ ಕರೆದು ರಾಜೀನಾಮೆ ಬರೆಸಿಕೊಂಡರಂತೆ. ಅದರಲ್ಲಿ ಒಬ್ಬಳು ಹೆರಿಗೆ ರಜೆ ಮುಗಿಸಿ ಬಂದು ಮೂರು ವಾರ ಆಗಿತ್ತು. ಅವನು ಹೇಳುತ್ತಿದ್ದ ಹಾಗೆಲ್ಲ ನನಗೆ 2013ರ ಆ ಮಂಗಳವಾರ ನೆನಪಾಯಿತು. ಅದನ್ನು ನಿಮಗೆ ಹೇಳಲೇಬೇಕು.

ಆಗ ನಾನು ಬೆಂಗಳೂರಿನ ಒಂದು ಐಟಿ ಕಂಪನಿಯಲ್ಲಿದ್ದೆ. ಊಟ ಮುಗಿಸಿ ಸೀಟಿಗೆ ಬಂದಿದ್ದೆ ಅಷ್ಟೆ, ಎಚ್‌ಆರ್‌ನಿಂದ ಕರೆ ಬಂತು. ಗಾಜಿನ ಗೋಡೆಯ ಸಣ್ಣ ರೂಮು. ಒಳಗೆ ಇಬ್ಬರು. ಮೇಜಿನ ಮೇಲೆ ಮೊದಲೇ ಟೈಪ್ ಮಾಡಿಟ್ಟ ನನ್ನ ರಾಜೀನಾಮೆ ಪತ್ರ. ನನ್ನ ಹೆಸರಿನ ಸ್ಪೆಲಿಂಗ್ ತಪ್ಪಿತ್ತು. ಸಹಿ ಹಾಕಿದರೆ ಎರಡು ತಿಂಗಳ ಸಂಬಳ, ಒಳ್ಳೆಯ ರಿಲೀವಿಂಗ್ ಲೆಟರ್. ಹಾಕದಿದ್ದರೆ ನಾವೇ ತೆಗೆದೆವು ಅಂತ ದಾಖಲೆಯಲ್ಲಿ ಬರೆಯುತ್ತೇವೆ, ಆಮೇಲೆ ಈ ಊರಲ್ಲಿ ಯಾರೂ ನಿಮಗೆ ಕೆಲಸ ಕೊಡಲ್ಲ ಅಂದರು. ಹೆಂಡತಿಗೆ ಒಂದು ಫೋನ್ ಮಾಡಬೇಕು ಅಂದೆ. ಮೊದಲು ಸಹಿ ಹಾಕಿ, ಆಮೇಲೆ ಮಾಡಿ ಅಂದರು. ಸಹಿ ಹಾಕಿದೆ, ತಪ್ಪು ಹೆಸರಿನ ಕೆಳಗೆ. ಎಲ್ಲ ಸೇರಿ 20 ನಿಮಿಷ ಆಗಿರಬಹುದು. ಸೆಕ್ಯುರಿಟಿಯವರು ಗೇಟಿನ ತನಕ ಜೊತೆಗೆ ಬಂದರು. ನನ್ನ ಟಿಫನ್ ಬಾಕ್ಸ್ ಡೆಸ್ಕಿನ ಮೇಲೇ ಉಳಿಯಿತು.

ಕೆಲಸ ಹೋಗಿದ್ದಕ್ಕಿಂತ ನನಗೆ ಜಾಸ್ತಿ ನೋವು ಕೊಟ್ಟಿದ್ದು ಆ ರೂಮಿನಲ್ಲಿ ನನ್ನ ಕಡೆಯವರು ಅಂತ ಒಬ್ಬರೂ ಇರಲಿಲ್ಲ ಅನ್ನೋದು. ಅಪ್ಪ ಬೆಂಗಳೂರಿನ ಒಂದು ಸಾರ್ವಜನಿಕ ವಲಯದ ಕಾರ್ಖಾನೆಯಲ್ಲಿದ್ದವರು. 1980ರ ಡಿಸೆಂಬರ್‌ನಿಂದ 1981ರ ಮಾರ್ಚ್ ತನಕ ನಡೆದ 77 ದಿನಗಳ ಮುಷ್ಕರದಲ್ಲಿ ಅವರೂ ಇದ್ದರು. ಆ ತಿಂಗಳುಗಳಲ್ಲಿ ಅಂಗಡಿಯವನು ಹೇಗೆ ಸಾಲ ಕೊಟ್ಟ, ಮನೆಯಲ್ಲಿ ಹೇಗೆ ಮುದ್ದೆ ಸಾರಿನಲ್ಲೇ ದಿನ ದೂಡಿದರು ಅಂತ ಅಮ್ಮ ಈಗಲೂ ಹೇಳುತ್ತಾರೆ. ನಮ್ಮ ತಲೆಮಾರಿಗೆ ಮಾತ್ರ ಯೂನಿಯನ್ ಅಂದರೆ ಅಪ್ಪಂದಿರ ಕಾಲದ್ದು, ಶಿಫ್ಟು ಸೈರನ್ನು ಇರುವ ಕಡೆಯದ್ದು. ನಾವು ಐಟಿಯವರು, ನಮಗೇನು ಬೇಕು ಅಂದುಕೊಂಡಿದ್ದೆವು. ಆ ಗಾಜಿನ ರೂಮಿನಲ್ಲಿ ಕೂತಾಗಲೇ ನನಗೆ ಅಪ್ಪ ಅರ್ಥ ಆಗಿದ್ದು.

ಸಚಿವರೇ, ನಿಮ್ಮ ಹತ್ತಿರ ಬಂದು ಐಟಿಗೆ ಕಾರ್ಮಿಕ ಕಾನೂನು ಬೇಡ ಅನ್ನುವವರು ಸಾಮಾನ್ಯವಾಗಿ ಹೇಳುವ ಒಂದು ಮಾತಿದೆ: ಮುಂದುವರಿದ ದೇಶಗಳಲ್ಲೆಲ್ಲ ಯೂನಿಯನ್ ಕಾಲ ಮುಗೀತು, ನಾವು ಯಾಕೆ ಹಿಂದಕ್ಕೆ ಹೋಗಬೇಕು ಅಂತ. ಆ ಮುಂದುವರಿದ ದೇಶಗಳಲ್ಲಿ ಒಂದರಲ್ಲಿ ಕೂತು ಬರೆಯುತ್ತಿದ್ದೇನೆ. ಆ ಮಾತಿನಲ್ಲಿ ಅರ್ಧ ನಿಜ ಇದೆ, ಇಲ್ಲ ಅನ್ನಲ್ಲ. ಅಮೆರಿಕದಲ್ಲಿ 1950ರ ದಶಕದಲ್ಲಿ ಮೂರು ಜನ ಕೆಲಸಗಾರರಲ್ಲಿ ಒಬ್ಬರು ಯೂನಿಯನ್ ಸದಸ್ಯರಾಗಿದ್ದರು. 2024ರಲ್ಲಿ ಅದು ಶೇ 9.9. ಬ್ರಿಟನ್‌ನಲ್ಲಿ 1979ರಲ್ಲಿ 1.3 ಕೋಟಿ ಸದಸ್ಯರಿದ್ದರು, ಈಗ ಅದರ ಅರ್ಧದಷ್ಟು. ಜರ್ಮನಿಯ ದೊಡ್ಡ ಒಕ್ಕೂಟ ಡಿಜಿಬಿಯಲ್ಲಿ ಎರಡು ಜರ್ಮನಿ ಒಂದಾದ ಮೇಲೆ 1991ರಲ್ಲಿ ಸುಮಾರು 1.18 ಕೋಟಿ ಜನ ಇದ್ದರು, ಈಗ ಅದಕ್ಕೂ ಅರ್ಧಕ್ಕಿಂತ ಕಮ್ಮಿ.

ಆದರೆ ಇದು ತಾನಾಗೇ ಆದದ್ದಲ್ಲ. ಗಣಿಗಳು, ಉಕ್ಕಿನ ಕಾರ್ಖಾನೆಗಳು ಮುಚ್ಚಿದ್ದು ಒಂದು ಕಾರಣ, ಸರಿ. ಅದರ ಜೊತೆಗೆ ಸರ್ಕಾರಗಳೂ ಒಂದು ಪಕ್ಷ ಹಿಡಿದವು. 1981ರ ಆಗಸ್ಟ್‌ನಲ್ಲಿ ಮುಷ್ಕರ ಮಾಡಿದ 11,000ಕ್ಕೂ ಹೆಚ್ಚು ವಿಮಾನ ಸಂಚಾರ ನಿಯಂತ್ರಕರನ್ನು ಅಮೆರಿಕದ ಅಧ್ಯಕ್ಷ ರೇಗನ್ ಒಂದೇ ಏಟಿಗೆ ಕೆಲಸದಿಂದ ತೆಗೆದರು. ಸರ್ಕಾರವೇ ಹಾಗೆ ಮಾಡಿದ ಮೇಲೆ ಖಾಸಗಿಯವರಿಗೆ ಧೈರ್ಯ ಬಾರದೇ ಇರುತ್ತಾ? ಬ್ರಿಟನ್‌ನಲ್ಲಿ ಥ್ಯಾಚರ್ ಸರ್ಕಾರ ಒಂದಾದ ಮೇಲೊಂದು ಕಾನೂನು ತಂದು ಮುಷ್ಕರಕ್ಕೆ ಬೇಲಿ ಹಾಕಿತು. 1984–85ರಲ್ಲಿ ಗಣಿ ಕಾರ್ಮಿಕರು ಒಂದು ವರ್ಷ ಹೋರಾಡಿ ಸೋತರು. ಫ್ರಾನ್ಸ್ ನೋಡಿ. ಅಲ್ಲಿ ಯೂನಿಯನ್ ಸದಸ್ಯರು ಹತ್ತರಲ್ಲಿ ಒಬ್ಬರು ಇದ್ದರೆ ಹೆಚ್ಚು, ಆದರೂ ಯೂನಿಯನ್ ಮಾಲೀಕರ ಜೊತೆ ಮಾಡಿಕೊಳ್ಳುವ ಸಾಮೂಹಿಕ ಒಪ್ಪಂದ ಹೆಚ್ಚುಕಡಿಮೆ ಎಲ್ಲ ಕೆಲಸಗಾರರಿಗೂ ಅನ್ವಯ ಆಗುತ್ತದೆ, ಯಾಕಂದರೆ ಒಂದು ಕಡೆ ಆದ ಒಪ್ಪಂದವನ್ನು ಆ ಇಡೀ ವಲಯಕ್ಕೆ ಸರ್ಕಾರ ವಿಸ್ತರಿಸುತ್ತದೆ. ಸರ್ಕಾರ ಏನು ಮಾಡುತ್ತದೆ ಅನ್ನೋದರ ಮೇಲೆ ಇಷ್ಟೆಲ್ಲ ನಿಂತಿದೆ. ಅದಕ್ಕೇ ಈ ಪತ್ರ ಬೇರೆ ಯಾರಿಗೂ ಅಲ್ಲ, ನಿಮಗೇ.

ಈಗ ಜರ್ಮನಿಯ ವಿಷಯಕ್ಕೆ ಬರುತ್ತೇನೆ. ಇಲ್ಲಿ ಎರಡು ಬೇರೆ ಬೇರೆ ವ್ಯವಸ್ಥೆ ಇದೆ, ಅದನ್ನು ಅರ್ಥ ಮಾಡಿಕೊಳ್ಳೋಕೆ ನನಗೇ ಎರಡು ವರ್ಷ ಬೇಕಾಯಿತು. ಒಂದು ಯೂನಿಯನ್, ನಮ್ಮ ವಲಯದಲ್ಲಿ ಐಜಿ ಮೆಟಾಲ್. ಸಂಬಳ, ಕೆಲಸದ ಗಂಟೆ ಮಾತಾಡೋದು ಅದು, ಮುಷ್ಕರಕ್ಕೆ ಕರೆ ಕೊಡೋದೂ ಅದೇ. ವಾರಕ್ಕೆ 35 ಗಂಟೆ ಬೇಕು ಅಂತ 1984ರಲ್ಲಿ ಇದೇ ಸ್ಟುಟ್‌ಗಾರ್ಟ್ ಸುತ್ತಮುತ್ತ ವಾರಗಟ್ಟಲೆ ಮುಷ್ಕರ ನಡೆಯಿತು. ಅವತ್ತು ಸಿಕ್ಕಿದ್ದು 38.5 ಗಂಟೆ. ಪೂರ್ತಿ 35ಕ್ಕೆ ಬರೋಕೆ 1995 ಆಯಿತು. ನಾನು ಶುಕ್ರವಾರ ಮಧ್ಯಾಹ್ನ ಮಗಳನ್ನು ಶಾಲೆಯಿಂದ ನಾನೇ ಕರೆತರುತ್ತೇನಲ್ಲ, ಅದು ಆ ಮುಷ್ಕರದವರು ಕೊಟ್ಟಿದ್ದು.

ಇನ್ನೊಂದು ಬೆಟ್ರೀಬ್ಸ್‌ರಾಟ್, ಅಂದರೆ ಕಂಪನಿಯ ಒಳಗಿನ ಉದ್ಯೋಗಿಗಳ ಚುನಾಯಿತ ಮಂಡಳಿ. 5 ಜನ ಉದ್ಯೋಗಿಗಳಿದ್ದರೂ ಸಾಕು, ಮಂಡಳಿ ಆರಿಸಿಕೊಳ್ಳಬಹುದು. 4 ವರ್ಷಕ್ಕೊಮ್ಮೆ ಮಾರ್ಚ್‌ನಿಂದ ಮೇ ಒಳಗೆ ಚುನಾವಣೆ. ಪಾಸ್‌ಪೋರ್ಟ್ ಯಾವ ದೇಶದ್ದು ಅಂತ ಯಾರೂ ಕೇಳಲ್ಲ, ನನಗೂ ಮತ ಇದೆ. ಮಂಡಳಿಯ ಖರ್ಚು ಕಂಪನಿಯದ್ದು. ಓವರ್‌ಟೈಮ್ ಮಾಡಿಸಬೇಕಾದರೆ ಅದರ ಒಪ್ಪಿಗೆ ಬೇಕು. ನಾವು ಎಷ್ಟು ಹೊತ್ತು ಕೀಬೋರ್ಡ್ ಒತ್ತಿದೆವು ಅಂತ ನೋಡುವ ಸಾಫ್ಟ್‌ವೇರ್ ಹಾಕಬೇಕಾದರೂ ಒಪ್ಪಿಗೆ ಬೇಕು. ಎಲ್ಲಕ್ಕಿಂತ ಮುಖ್ಯವಾದದ್ದು ಈ ಮಂಡಳಿಗಳ ಬಗ್ಗೆ ಇರುವ 1972ರ ಕಾಯ್ದೆಯ 102ನೇ ಸೆಕ್ಷನ್. ಯಾರನ್ನೇ ಕೆಲಸದಿಂದ ತೆಗೆಯುವ ಮುಂಚೆ ಕಾರಣ ಕೊಟ್ಟು ಮಂಡಳಿಯನ್ನು ಕೇಳಬೇಕು, ಉತ್ತರ ಕೊಡೋಕೆ ಮಂಡಳಿಗೆ ಒಂದು ವಾರ ಟೈಮ್ ಇರುತ್ತದೆ. ಕೇಳದೆ ತೆಗೆದರೆ ಆ ಆದೇಶಕ್ಕೆ ಬೆಲೆ ಇಲ್ಲ, ಅಷ್ಟೆ. ಇಮೇಲ್‌ನಲ್ಲಿ ತೆಗೆಯೋದಂತೂ ಆಗುವುದೇ ಇಲ್ಲ. ಕಾಗದದ ಮೇಲೆ, ಪೆನ್ನಿನ ಸಹಿ ಇರಬೇಕು.

ಇದೆಲ್ಲ ಕಾರ್ಖಾನೆಗೆ ಸರಿ, ಐಟಿಗೆ ಆಗಲ್ಲ ಅನ್ನುವವರಿಗೆ ಎಸ್‌ಎಪಿ ಕಥೆ ಹೇಳಿ. ವಾಲ್‌ಡಾರ್ಫ್‌ನ ಸಾಫ್ಟ್‌ವೇರ್ ಕಂಪನಿ, ನಮ್ಮ ವೈಟ್‌ಫೀಲ್ಡ್‌ನಲ್ಲೂ ಅವರ ದೊಡ್ಡ ಕೇಂದ್ರ ಇದೆ. 1972ರಲ್ಲಿ ಶುರುವಾಗಿ 2006ರ ತನಕ ಅಲ್ಲಿ ಮಂಡಳಿಯೇ ಇರಲಿಲ್ಲ. ಆ ವರ್ಷ ಮೂವರು ಉದ್ಯೋಗಿಗಳು ಮಂಡಳಿ ಬೇಕು ಅಂತ ಮುಂದೆ ಬಂದರು. ಸಭೆ ಕರೆದರೆ ಶೇ 91ರಷ್ಟು ಜನ ಬೇಡ ಅಂದರು. ಬೆಂಗಳೂರಿನ ಐಟಿಯವರು ಹೇಳುವ ಮಾತನ್ನೇ ಅವರೂ ಹೇಳಿದ್ದು: ನಾವು ವಿದ್ಯಾವಂತರು, ನಮ್ಮ ವಿಷಯ ನಾವೇ ಮಾತಾಡಿಕೊಳ್ಳುತ್ತೇವೆ. ಆದರೆ ಕಾನೂನಿನ ಪ್ರಕಾರ ಅದು ಬಹುಮತದ ಪ್ರಶ್ನೆ ಆಗಿರಲಿಲ್ಲ, ಹಕ್ಕಿನ ಪ್ರಶ್ನೆ. ಅದೇ ವರ್ಷ ಚುನಾವಣೆ ಆಯಿತು, 37 ಜನರ ಮಂಡಳಿ ಬಂತು. ಕಂಪನಿ ಮುಳುಗಲಿಲ್ಲ. ಈಗ ಅದು ಯುರೋಪಿನಲ್ಲೇ ಅತಿ ದೊಡ್ಡ ಸಾಫ್ಟ್‌ವೇರ್ ಕಂಪನಿ. ಯೂನಿಯನ್, ಮಂಡಳಿ ಅಂದರೆ ಕಂಪನಿಗಳು ಊರು ಬಿಟ್ಟು ಹೋಗುತ್ತವೆ ಅಂತ ನಿಮ್ಮನ್ನು ಹೆದರಿಸುವವರ ಮುಂದೆ ಇದೊಂದನ್ನು ಇಡಿ, ಸಾಕು.

2024ರ ಚಳಿಗಾಲದಲ್ಲಿ ನಮ್ಮ ಕಂಪನಿಯಲ್ಲೂ ಜನ ಕಮ್ಮಿ ಮಾಡುವ ಮಾತು ಬಂತು. ಕಾರಿನ ಉದ್ಯಮ ಇಲ್ಲಿ ಪೂರ್ತಿ ಅಲ್ಲಾಡುತ್ತಿದೆ. ಕ್ಯಾಂಟೀನಿನಲ್ಲಿ ಸಭೆ, ಕೆಲಸದ ಹೊತ್ತಿನಲ್ಲೇ, ಸಂಬಳ ಕಟ್ ಇಲ್ಲ. ಮೊದಲು ಎಂಡಿ ಮಾತಾಡಿದರು. ಆಮೇಲೆ ಅದೇ ಮೈಕ್ ಮುಂದೆ ಮಂಡಳಿಯ ಅಧ್ಯಕ್ಷೆ ಬಂದು ನಿಂತರು. 22 ವರ್ಷ ಅಸೆಂಬ್ಲಿ ಲೈನಿನಲ್ಲಿ ನಿಂತ ಹೆಂಗಸು, ಈಗಲೂ ಕೆಲಸದ ಶೂ ಹಾಕಿಕೊಂಡೇ ಬರುತ್ತಾರೆ. ಕೈಯಲ್ಲಿ ಒಂದು ಹಾಳೆ. ಕಳೆದ ವರ್ಷ ಆರ್ಡರ್ ಎಷ್ಟಿತ್ತು, ಈ ವರ್ಷ ಎಷ್ಟು, ಹಾಗಾದರೆ ಇಷ್ಟು ಜನ ಅನ್ನುವ ಲೆಕ್ಕ ಎಲ್ಲಿಂದ ಬಂತು ಅಂತ ಕೇಳಿದರು. ದನಿ ಏರಿಸಲಿಲ್ಲ. ಎಂಡಿ ಎದ್ದು ಉತ್ತರ ಕೊಡಬೇಕಾಯಿತು, ನಮ್ಮೆಲ್ಲರ ಮುಂದೆ. ನನ್ನ ಗಂಟಲು ಕಟ್ಟಿತ್ತು. 2013ರ ಆ ರೂಮಿನಲ್ಲಿ ಇಂಥ ಒಬ್ಬರು ನನ್ನ ಪಕ್ಕ ಕೂತಿದ್ದರೆ ಅಂತ ಅನಿಸುತ್ತಲೇ ಇತ್ತು.

ಎರಡು ವಾರದ ಮೇಲೆ ಮಂಡಳಿಯ ಒಬ್ಬರು ನನ್ನ ಡೆಸ್ಕಿಗೇ ಬಂದರು. ನಮ್ಮ ವಿಭಾಗವೂ ಪಟ್ಟಿಯಲ್ಲಿತ್ತು. ಎಷ್ಟು ವರ್ಷದಿಂದ ಇದ್ದೀಯ, ವಯಸ್ಸೆಷ್ಟು, ಮಕ್ಕಳೆಷ್ಟು, ಮನೆಯಲ್ಲಿ ಇನ್ಯಾರು ನಿನ್ನ ಮೇಲೆ ಅವಲಂಬಿತರು ಅಂತ ಕೇಳಿ ಬರೆದುಕೊಂಡರು. ವ್ಯಾಪಾರ ಇಳಿದು ಜನ ತೆಗೆಯಬೇಕಾಗಿ ಬಂದಾಗ ಇದನ್ನೆಲ್ಲ ನೋಡಲೇಬೇಕು ಅಂತ ಇಲ್ಲಿ ಕಾನೂನು. ಮಾತುಕತೆ 7 ತಿಂಗಳು ನಡೆಯಿತು. ಕೊನೆಗೆ ಕೆಲವು ಹಿರಿಯರು ಮುಂಚೆಯೇ ನಿವೃತ್ತಿ ತೆಗೆದುಕೊಂಡರು, ಕೆಲವರು ಒಳ್ಳೆಯ ಪರಿಹಾರ ಪಡೆದು ತಾವಾಗೇ ಹೋದರು, ಉಳಿದ ನಾವು ವಾರದ ಗಂಟೆ 35ರಿಂದ 32ಕ್ಕೆ ಇಳಿಸಿಕೊಂಡೆವು. ಸಂಬಳವೂ ಅಷ್ಟೇ ಇಳಿಯಿತು. ಮನೆ ಸಾಲದ ಕಂತು ಕಟ್ಟುವಾಗ ಅದು ಗೊತ್ತಾಗುತ್ತದೆ. ಆದರೆ ಬಲವಂತವಾಗಿ ಒಬ್ಬರನ್ನೂ ಆಚೆ ಕಳಿಸಲಿಲ್ಲ.

ಫೋಕ್ಸ್‌ವ್ಯಾಗನ್‌ನಲ್ಲೂ ಅದೇ ಹೊತ್ತಿಗೆ ಇದು ದೊಡ್ಡ ಮಟ್ಟದಲ್ಲಿ ನಡೆಯಿತು. ಜರ್ಮನಿಯ ಕಾರ್ಖಾನೆಗಳನ್ನೇ ಮುಚ್ಚುವ ಮಾತಿತ್ತು, ಸುಮಾರು ಒಂದು ಲಕ್ಷ ಜನ ಕೆಲವೇ ಗಂಟೆಗಳ ಎಚ್ಚರಿಕೆ ಮುಷ್ಕರಕ್ಕೆ ಇಳಿದರು, 2024ರ ಡಿಸೆಂಬರ್ 20ರಂದು ಒಪ್ಪಂದ ಆಯಿತು. 2030ರ ಒಳಗೆ 35,000ಕ್ಕೂ ಹೆಚ್ಚು ಹುದ್ದೆ ಕಮ್ಮಿ ಆಗುತ್ತದೆ, ಆದರೆ ಬಲವಂತದ ವಜಾ ಇಲ್ಲ. ಕೆಲಸಗಾರರು ಬೋನಸ್, ಸಂಬಳ ಏರಿಕೆ ಬಿಟ್ಟುಕೊಟ್ಟರು. ಗೆದ್ದರು ಅಂತ ನಾನು ಹೇಳಲ್ಲ. ಆದರೆ ಅವರನ್ನು ಕೇಳದೆ ಏನೂ ನಡೆಯಲಿಲ್ಲ.

ಇಲ್ಲಿ ಎಲ್ಲ ಚೆನ್ನಾಗಿದೆ ಅಂತ ನಿಮಗೆ ಸುಳ್ಳು ಹೇಳುವುದಿಲ್ಲ. ಮಂಡಳಿ ಇರುವ ಸಂಸ್ಥೆಗಳು ಹತ್ತರಲ್ಲಿ ಒಂದೂ ಇಲ್ಲ. ದೊಡ್ಡ ಕಂಪನಿಗಳಲ್ಲಿ ಇವೆ, ಸಣ್ಣದರಲ್ಲಿ ಇಲ್ಲ. ನಮ್ಮಲ್ಲೇ ಏಜೆನ್ಸಿ ಮೂಲಕ ಬಂದಿದ್ದ ಎಂಜಿನಿಯರ್‌ಗಳು ಆ ಸಭೆಗೂ ಮೂರು ತಿಂಗಳು ಮುಂಚೆಯೇ ಹೋಗಿಬಿಟ್ಟಿದ್ದರು. ಅವರಲ್ಲಿ ಒಬ್ಬ ಹುಬ್ಬಳ್ಳಿಯವನು, ಮಧ್ಯಾಹ್ನ ನನ್ನ ಜೊತೆ ಊಟಕ್ಕೆ ಕೂರುತ್ತಿದ್ದ. ಅವನ ಕಾಂಟ್ರಾಕ್ಟ್ ಮುಂದುವರಿಸಲಿಲ್ಲ, ಅಷ್ಟೇ. ಅವನ ಪರವಾಗಿ ಮೈಕ್ ಮುಂದೆ ಯಾರೂ ನಿಲ್ಲಲಿಲ್ಲ, ನಾನೂ ನಿಲ್ಲಲಿಲ್ಲ. ಆ ವಿಷಯ ನನ್ನನ್ನು ಇವತ್ತಿಗೂ ಕಾಡುತ್ತದೆ. ನಮ್ಮಲ್ಲಿ ನಿಯಮ ಬರೆಯುವಾಗ ಕಾಂಟ್ರಾಕ್ಟ್‌ನವರನ್ನು ಹೊರಗಿಟ್ಟು ಬರೆಯಬೇಡಿ ಅಂತ ಕೇಳೋದು ಅದಕ್ಕೇ.

ಇನ್ನು ನಮ್ಮ ರಾಜ್ಯದ ಮಾತು. ಕಂಪನಿಯಲ್ಲಿ ಶಿಸ್ತು ಕ್ರಮ ಹೇಗೆ, ವಿಚಾರಣೆ ಹೇಗೆ, ಯಾವ ಕಾರಣಕ್ಕೆ ತೆಗೆಯಬಹುದು ಅಂತ ಬರೆದಿಡುವ 1946ರ ಸ್ಥಾಯಿ ಆದೇಶ ಕಾಯ್ದೆಯಿಂದ ಐಟಿಗೆ ವರ್ಷಗಟ್ಟಲೆ ವಿನಾಯಿತಿ ಕೊಟ್ಟುಕೊಂಡೇ ಬಂದಿದ್ದೀರಿ. 2014ರಲ್ಲಿ ಕೊಟ್ಟಿರಿ, 2019ರಲ್ಲಿ ಕೊಟ್ಟಿರಿ, 2024ರಲ್ಲಿ ಮತ್ತೆ 5 ವರ್ಷ. ಸರ್ಕಾರ ಬದಲಾದರೂ ಸಹಿ ಬದಲಾಗಲಿಲ್ಲ. ಅದೇ 2024ರಲ್ಲಿ ದಿನಕ್ಕೆ 14 ಗಂಟೆ ತನಕ ದುಡಿಸಲು ದಾರಿ ಮಾಡುವ ಪ್ರಸ್ತಾವ ಬಂದಾಗ ಬೀದಿಗೆ ಇಳಿದು ತಡೆದವರು ರಾಜ್ಯದ ಐಟಿ ಉದ್ಯೋಗಿಗಳ ಸಂಘ ಕೆಐಟಿಯುನ ಹುಡುಗ ಹುಡುಗಿಯರು. ಇಷ್ಟು ಸಣ್ಣ ಸಂಘಕ್ಕೇ ಅಷ್ಟು ಸಾಧ್ಯ ಆಯಿತು ಅಂದರೆ ಕಾನೂನಿನ ಬೆಂಬಲವೂ ಇದ್ದರೆ ಎಷ್ಟಾಗಬಹುದು, ಅಲ್ವಾ?

ವಿನಾಯಿತಿಗೆ ಷರತ್ತು ಹಾಕಿದ್ದೇವೆ, ಕುಂದುಕೊರತೆ ಸಮಿತಿ ಇರಬೇಕು, ಯಾರನ್ನಾದರೂ ತೆಗೆದರೆ ಇಲಾಖೆಗೆ ತಿಳಿಸಬೇಕು ಅಂತ ನಿಮ್ಮ ಅಧಿಕಾರಿಗಳು ಹೇಳುತ್ತಾರೆ. ಸರಿ. ಆದರೆ ಕಾಗದದ ಮೇಲೆ ನನ್ನನ್ನು ಯಾರೂ ತೆಗೆದೇ ಇಲ್ಲ, ನಾನೇ ರಾಜೀನಾಮೆ ಕೊಟ್ಟೆ. ನನ್ನ ತಮ್ಮನ ಟೀಮಿನ ಆ 4 ಜನರೂ ಹಾಗೇ. ಇಲಾಖೆಗೆ ತಿಳಿಸೋದಕ್ಕೆ ಅಲ್ಲಿ ಏನೂ ಉಳಿಯುವುದಿಲ್ಲ.

2025ರ ನವೆಂಬರ್ 21ರಿಂದ ಕೇಂದ್ರದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಸ್ಥಾಯಿ ಆದೇಶ ಈಗ 300 ಕೆಲಸಗಾರರಿಗಿಂತ ಕಮ್ಮಿ ಇರುವ ಕಡೆ ಅನ್ವಯವೇ ಆಗುವುದಿಲ್ಲ. ನಮ್ಮ ರಾಜ್ಯದಲ್ಲಿ ಮೊದಲು ಆ ಮಿತಿ 50 ಇತ್ತು. ವಿನಾಯಿತಿ ಕೊಡುವ ಅಧಿಕಾರ ಮಾತ್ರ ಹೊಸ ಸಂಹಿತೆಯಲ್ಲೂ ಸರ್ಕಾರದ ಕೈಯಲ್ಲೇ ಇದೆ. ಹಾಗಾಗಿ ನನ್ನ ಬೇಡಿಕೆ ನೇರವಾಗಿದೆ. ಐಟಿಗೆ ಇನ್ನು ವಿನಾಯಿತಿ ಕೊಡಬೇಡಿ. ಕುಂದುಕೊರತೆ ಸಮಿತಿಗೆ ಉದ್ಯೋಗಿಗಳ ಪ್ರತಿನಿಧಿಗಳನ್ನು ಎಚ್‌ಆರ್ ಹೆಸರಿಸೋದು ಬೇಡ, ಗುಪ್ತ ಮತದಾನದಲ್ಲಿ ಉದ್ಯೋಗಿಗಳೇ ಆರಿಸಲಿ. ಯಾರನ್ನೇ ತೆಗೆಯುವ ಮುಂಚೆ ಆ ಸಮಿತಿಗೆ ಒಂದು ವಾರ ಟೈಮ್ ಇರಲಿ. ಕಂಪನಿಯ ರೂಮಿನಲ್ಲಿ ಕೂರಿಸಿ ಬರೆಸಿಕೊಂಡ ರಾಜೀನಾಮೆಯನ್ನು ಇಷ್ಟು ದಿನದೊಳಗೆ ವಾಪಸ್ ಪಡೆಯಬಹುದು ಅಂತ ಒಂದು ಸಾಲು ಸೇರಿಸಿ.

ನಮ್ಮ ಮಂಡಳಿ ಕಂಪನಿಯ ಜೊತೆ ಮಾಡಿಕೊಂಡ ಒಪ್ಪಂದ ನನ್ನ ಹತ್ತಿರ ಇದೆ, ಜರ್ಮನ್ ಭಾಷೆಯಲ್ಲಿ, 31 ಪುಟ. ಅಧ್ಯಕ್ಷೆಯನ್ನು ಕೇಳಿದೆ, ಕಂಪನಿಯ ಹೆಸರು, ಅಂಕಿಅಂಶ ತೆಗೆದು ಹಂಚಿಕೊಳ್ಳಬಹುದು ಅಂದರು. ರಾತ್ರಿ ಮಕ್ಕಳು ಮಲಗಿದ ಮೇಲೆ ಕನ್ನಡಕ್ಕೆ ಮಾಡುತ್ತಿದ್ದೇನೆ, 12 ಪುಟ ಮುಗಿದಿದೆ. ಮುಗಿದ ದಿನವೇ ನಿಮ್ಮ ಕಚೇರಿಗೆ ಅಂಚೆಯಲ್ಲಿ ಕಳಿಸುತ್ತೇನೆ. ದಯವಿಟ್ಟು ಓದಿ.

ಇಂತಿ,
ಸ್ಟುಟ್‌ಗಾರ್ಟ್ ಹತ್ತಿರದಿಂದ ಒಬ್ಬ ಬೆಂಗಳೂರಿನವನು