ವಿಲ್ ಬರೆಸಲು ಝೆರಾಕ್ಸ್ ಅಂಗಡಿ ಸಾಕೇ?

ಸಂಪಾದಕರಿಗೆ ನಮಸ್ಕಾರ.

ನಮ್ಮ ಶಿರಸಿ, ಸಿದ್ದಾಪುರ ಕಡೆಯವರು ಅಡಿಕೆಗೆ ಮದ್ದು ಯಾವಾಗ ಹೊಡೆಯಬೇಕು ಅಂತ ನಾಲ್ಕು ಜನರನ್ನು ಕೇಳುತ್ತಾರೆ. ಅದೇ ತೋಟ ತಮ್ಮ ನಂತರ ಯಾರಿಗೆ ಅಂತ ಬರೆಯುವಾಗ ಮಾತ್ರ ಒಬ್ಬ ವಕೀಲರನ್ನೂ ಕೇಳುವುದಿಲ್ಲ. ಕಚೇರಿ ಎದುರಿನ ಝೆರಾಕ್ಸ್ ಅಂಗಡಿಗೆ ಹೋಗುತ್ತಾರೆ, ಕಂಪ್ಯೂಟರಿನಲ್ಲಿ ಮೊದಲೇ ಇರುವ ನಮೂನೆಯಲ್ಲಿ ಹೆಸರು ಬದಲಿಸಿ ಪ್ರಿಂಟ್ ತೆಗೆಸುತ್ತಾರೆ, ಕೆಲಸ ಮುಗಿಯಿತು ಅಂತ ಚಾ ಕುಡಿದು ಮನೆಗೆ ಬರುತ್ತಾರೆ.

ಪರಿಚಯದವರೊಬ್ಬರ ಮನೆಯಲ್ಲಿ ಇಂಥದ್ದೊಂದು ವಿಲ್ ನೋಡಿದೆ. ಹೆಸರು, ಊರು ಎಲ್ಲ ಸರಿ ಇದೆ. ಒಳಗೆ ನೋಡಿದರೆ "ಸದರಿ ಫ್ಲಾಟ್ ಹಾಗೂ ಅದಕ್ಕೆ ಸೇರಿದ ಕಾರ್ ಪಾರ್ಕಿಂಗ್ ಜಾಗ" ಅಂತಿದೆ! ಅವರಿಗಿರುವುದು ಹೆಂಚಿನ ಮನೆ, ಹಿಂದುಗಡೆ ತೋಟ. ಬೆಂಗಳೂರಿನ ಯಾರದೋ ವಿಲ್‌ನಿಂದ ಹಾಗೇ ಉಳಿದುಹೋದ ಸಾಲು ಅದು. ತೋಟದ ಸರ್ವೆ ನಂಬರ್, ಹಿಸ್ಸಾ, ಚಕ್ಕುಬಂದಿ (ನಾಲ್ಕೂ ಕಡೆಯ ಗಡಿ) ಎಲ್ಲೂ ಇಲ್ಲ, "ನನ್ನ ತೋಟ" ಅಂತಷ್ಟೇ. ಸಾಕ್ಷಿಗಳಲ್ಲಿ ಒಬ್ಬರು ಬರೆಸಿದವರಿಗಿಂತ ಹಿರಿಯರು. ಇನ್ನೊಬ್ಬರಿಗೆ ಮಾರನೇ ದಿನ ಕಾಗದ ಮನೆಗೇ ಕಳಿಸಿ ಸಹಿ ಹಾಕಿಸಿದ್ದಾರೆ.

ಕಾನೂನು ಹೇಳುವುದು ಬೇರೆಯೇ. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 63ನೇ ಸೆಕ್ಷನ್ ಪ್ರಕಾರ ಕನಿಷ್ಠ ಇಬ್ಬರು ಸಾಕ್ಷಿಗಳು ಬೇಕು. ಬರೆಸಿದವರು ಸಹಿ ಹಾಕುವುದನ್ನು ಅವರು ಕಣ್ಣಾರೆ ಕಂಡಿರಬೇಕು, ಇಲ್ಲವೇ "ಇದು ನನ್ನದೇ ಸಹಿ" ಅಂತ ಅವರ ಬಾಯಿಂದಲೇ ಕೇಳಿರಬೇಕು. ಆಮೇಲೆ ಬರೆಸಿದವರ ಎದುರಿಗೇ ತಾವೂ ಸಹಿ ಹಾಕಬೇಕು. ನಾಳೆ ತಕರಾರು ಬಂದರೆ ಇಬ್ಬರಲ್ಲಿ ಒಬ್ಬರಾದರೂ ಕೋರ್ಟಿಗೆ ಬಂದು ಹೇಳಬೇಕು. ಅದಕ್ಕೇ ವಕೀಲರು ಸಾಕ್ಷಿಗೆ ಊರಲ್ಲೇ ಇರುವ, ವಯಸ್ಸಿನಲ್ಲಿ ಕಿರಿಯರಾದವರನ್ನು ಕರೆತನ್ನಿ ಅನ್ನುವುದು. ವಿಲ್ ರಿಜಿಸ್ಟರ್ ಆಗಿದೆ ಅಂದಮಾತ್ರಕ್ಕೆ ಈ ಕೆಲಸ ತಪ್ಪುವುದಿಲ್ಲ. ರಿಜಿಸ್ಟರ್ ಮಾಡಿಸಲೇಬೇಕು ಅಂತ ಕಾಯ್ದೆಯಲ್ಲೂ ಇಲ್ಲ, ಆದರೆ ಮಾಡಿಸುವುದು ಒಳ್ಳೆಯದು. ವಿಲ್‌ಗೆ ಸ್ಟಾಂಪ್ ಡ್ಯೂಟಿ ಇಲ್ಲ.

ನಮ್ಮ ದೊಡ್ಡಾಯಿ ವಿಲ್ ಬರೆಸುವಾಗ ನಾನೂ ಜೊತೆಗೆ ಹೋಗಿದ್ದೆ. ವಕೀಲರು ಮೊದಲು ಮಾಡಿದ್ದೇ ನಮ್ಮನ್ನೆಲ್ಲ ಎಬ್ಬಿಸಿ ಹೊರಗೆ ಕಳಿಸಿದ್ದು. ಅವಳ ಮಗನ ಮುಖ ಸಣ್ಣದಾಯಿತು. "ನೀವು ಹೊರಗೆ ಕೂತರೆ ನಾಳೆ ನಿಮಗೇ ಒಳ್ಳೇದು ಮಾರಾಯ್ರೆ" ಅಂದರು. ಕಾರಣ ಆಮೇಲೆ ಹೇಳಿದರು. 1959ರಲ್ಲಿ ಸುಪ್ರೀಂ ಕೋರ್ಟ್, ವೆಂಕಟಾಚಲ ಅಯ್ಯಂಗಾರ್ ವಿರುದ್ಧ ತಿಮ್ಮಾಜಮ್ಮ ಅನ್ನುವ ಪ್ರಕರಣದಲ್ಲಿ (ನಮ್ಮ ಮೈಸೂರಿನ ಕಡೆಯದ್ದೇ), ಆಸ್ತಿ ಪಡೆಯುವವರೇ ಮುಂದೆ ನಿಂತು ವಿಲ್ ಬರೆಸಿದ್ದರೆ ಅದು ಅನುಮಾನಕ್ಕೆ ಜಾಗ ಕೊಡುತ್ತದೆ, ಆ ಅನುಮಾನ ಕಳೆಯುವ ಹೊಣೆ ವಿಲ್ ಹಿಡಿದುಕೊಂಡು ಬಂದವರದ್ದೇ ಅಂದಿದೆ. ಇವತ್ತಿಗೂ ವಿಲ್ ತಕರಾರುಗಳಲ್ಲಿ ಆ ತೀರ್ಪನ್ನು ಎತ್ತಿಯೇ ಎತ್ತುತ್ತಾರೆ.

ಒಳಗೆ ದೊಡ್ಡಾಯಿಯನ್ನು ಕೇಳಿದ್ದೂ ಸಾಮಾನ್ಯ ಪ್ರಶ್ನೆಗಳಲ್ಲ. "ಅಮ್ಮ, ಈ ತೋಟ ನಿಮ್ಮ ಹೆಸರಿಗೆ ಹೇಗೆ ಬಂತು? ವಾಟ್ನಿಯಲ್ಲಿ, ಅಂದರೆ ಪಾಲಾಗುವಾಗ ಬಂದದ್ದೋ, ಯಜಮಾನರು ಹೋದ ಮೇಲೆ ವಾರಸಾ ಆಗಿ ಬಂದದ್ದೋ?" ವಾರಸಾ ಆಗಿ ಬಂದದ್ದೇ. ಹಾಗಾದರೆ ಪಹಣಿಯಲ್ಲಿ ನಿಮ್ಮೊಬ್ಬರ ಹೆಸರಿದ್ದರೂ ಅದರಲ್ಲಿ ಮಕ್ಕಳಿಗೂ ಪಾಲಿದೆ, ನೀವು ವಿಲ್ ಬರೆಯಬಹುದಾದದ್ದು ನಿಮ್ಮ ಪಾಲಿಗೆ ಮಾತ್ರ ಅಂದರಂತೆ. ದೊಡ್ಡಾಯಿ ಅಲ್ಲಿಯವರೆಗೆ ಪೂರ್ತಿ ತೋಟ ತನ್ನದೇ ಅಂದುಕೊಂಡಿದ್ದಳು. ನಾವೂ ಅಷ್ಟೇ. ಇದು ಝೆರಾಕ್ಸ್ ಅಂಗಡಿಯ ಹುಡುಗ ಕೇಳುವ ಪ್ರಶ್ನೆಯಾ? ಪಾಪ, ಅವನ ಕೆಲಸವೂ ಅದಲ್ಲ ಬಿಡಿ.

ಪಿತ್ರಾರ್ಜಿತ ಆಸ್ತಿಯದ್ದೂ ಇದೇ ಕತೆ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ತಿದ್ದುಪಡಿ ಆಗಿ, 2020ರಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಮಗಳೂ ಹುಟ್ಟಿನಿಂದಲೇ ಪಾಲುದಾರಳು ಅಂತ ಹೇಳಿದ ಮೇಲೂ, "ಹೆಣ್ಣುಮಕ್ಕಳಿಗೆ ಮದುವೆಯಲ್ಲೇ ಕೊಟ್ಟಾಯ್ತು" ಅಂತ ಇಡೀ ಜಮೀನನ್ನು ಗಂಡುಮಕ್ಕಳಿಗೆ ಬರೆಯುವವರು ಈಗಲೂ ಇದ್ದಾರೆ. ತನ್ನದಲ್ಲದ ಪಾಲನ್ನು ಬರೆದರೆ ಅದು ಬರೀ ಕಾಗದ ಅಲ್ವಾ?

ನಮ್ಮ ಜಿಲ್ಲೆಯಲ್ಲಿ ಇನ್ನೂ ಒಂದಿದೆ. ಸೊಪ್ಪಿನ ಬೆಟ್ಟವನ್ನು ವಿಲ್‌ನಲ್ಲಿ ಒಬ್ಬ ಮಗನಿಗೆ, ತೋಟವನ್ನು ಇನ್ನೊಬ್ಬನಿಗೆ ಅಂತ ಬರೆದವರಿದ್ದಾರೆ. ಬೆಟ್ಟದ ಮೇಲೆ ನಮಗಿರುವುದು ಸೊಪ್ಪು, ದರಕು (ಒಣ ಎಲೆ) ತರುವ ಸವಲತ್ತು, ಅದೂ ತೋಟಕ್ಕೆ ಅಂಟಿಕೊಂಡು ಬಂದದ್ದು. ಅತಿಕ್ರಮಣದ ಜಾಗವಂತೂ ಕೇಳುವುದೇ ಬೇಡ, ಪಟ್ಟಾ ಆಗದ ಅರಣ್ಯಭೂಮಿಯನ್ನು ವಿಲ್‌ನಲ್ಲಿ ಬರೆದ ಕೂಡಲೇ ಅದು ನಮ್ಮದಾಗುವುದಿಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಹಕ್ಕುಪತ್ರ ಸಿಕ್ಕಿದ್ದರೂ ಅದು ವಾರಸುದಾರರಿಗೆ ಹೋಗುತ್ತದೆಯೇ ಹೊರತು ಮಾರುವುದಕ್ಕೆ, ಬೇರೆಯವರಿಗೆ ವರ್ಗ ಮಾಡುವುದಕ್ಕೆ ಬರುವುದಿಲ್ಲ. ಬೆಂಗಳೂರಿನ ನಮೂನೆಯಲ್ಲಿ ಇದೆಲ್ಲ ಎಲ್ಲಿರಬೇಕು?

ಈಗ ಮುಖತ್ಯಾರಪತ್ರ, ಅಂದರೆ ನಮ್ಮ ಪರವಾಗಿ ವ್ಯವಹಾರ ಮಾಡಲು ಇನ್ನೊಬ್ಬರಿಗೆ ಅಧಿಕಾರ ಬರೆದುಕೊಡುವ ಜಿಪಿಎ ವಿಷಯ. ಇದರಲ್ಲಿ ಆಗುವ ಅನಾಹುತ ವಿಲ್‌ಗಿಂತ ಜಾಸ್ತಿ. ಕರಾವಳಿಯ ನನಗೆ ಗೊತ್ತಿರುವ ಒಂದು ಕುಟುಂಬದಲ್ಲಿ ತಾಯಿ ದೊಡ್ಡ ಮಗನಿಗೆ ಜಿಪಿಎ ಕೊಟ್ಟಿದ್ದರು. ತಾಯಿ ತೀರಿಕೊಂಡರು. ಆಮೇಲೆ ಅವನು ಅದೇ ಜಿಪಿಎ ತೋರಿಸಿ ತೆಂಗಿನ ತೋಟದ ಒಂದು ಭಾಗ ಮಾರಿದ. ತಂಗಿಯರು ಕೇಸು ಹಾಕಿದ್ದಾರೆ, ಕೊಂಡವನು ದುಡ್ಡೂ ಇಲ್ಲದೆ ತೋಟವೂ ಇಲ್ಲದೆ ಅಲೆಯುತ್ತಿದ್ದಾನೆ. ಮಗ ಮೋಸ ಮಾಡಬೇಕು ಅಂತಲೇ ಮಾಡಿದ ಅಂತ ನಾನು ಹೇಳುವುದಿಲ್ಲ. "ಆಯಿ ಬರೆದುಕೊಟ್ಟಿದ್ದಾಳಲ್ಲ" ಅಂತ ಅವನು ಈಗಲೂ ಹೇಳುತ್ತಾನೆ. ಕೊಟ್ಟವರು ಸತ್ತ ದಿನವೇ ಜಿಪಿಎ ಸತ್ತ ಹಾಗೆ ಅನ್ನುವುದನ್ನು ಅವನಿಗೆ ಯಾರೂ ಹೇಳಿರಲಿಲ್ಲ.

ಇನ್ನೂ ಕಡಿಮೆ ಜನರಿಗೆ ಗೊತ್ತಿರುವ ಮಾತು ಒಂದಿದೆ. ಕೊಟ್ಟವರಿಗೆ ಬುದ್ಧಿ ಸ್ಥಿಮಿತ ತಪ್ಪಿದರೂ ಸಾಮಾನ್ಯ ಜಿಪಿಎ ಅಲ್ಲಿಗೇ ಮುಗಿಯುತ್ತದೆ. 1872ರ ಕರಾರು ಕಾಯ್ದೆಯ 201ನೇ ಸೆಕ್ಷನ್ನಿನಲ್ಲೇ ಇದೆ. "ಅಪ್ಪಯ್ಯನಿಗೆ ಮರೆವು ಶುರುವಾಗಿದೆ, ಜಾಸ್ತಿಯಾದರೆ ಇರಲಿ ಅಂತ ಜಿಪಿಎ ಮಾಡಿಸಿಟ್ಟಿದ್ದೇವೆ" ಅನ್ನುವವರನ್ನು ಎಷ್ಟು ಜನರನ್ನು ಕಂಡಿದ್ದೇನೋ. ಬೇಕಾದ ಹೊತ್ತಿಗೇ ಅದು ಕೈಕೊಡುತ್ತದೆ. ಆಮೇಲೆ ಪಾಲಕರನ್ನು ನೇಮಿಸಿ ಅಂತ ಕೋರ್ಟಿಗೆ ಹೋಗಬೇಕು, ಹೈಕೋರ್ಟ್ ಅಂದರೆ ನಮಗೆ ಧಾರವಾಡ. ಹಾಗಾಗಿ ಜಂಟಿ ಖಾತೆ, ನಾಮಿನಿ, ವಿಲ್ ಎಲ್ಲ ಬುದ್ಧಿ ಸರಿ ಇರುವಾಗಲೇ ಆಗಬೇಕು. ನಾಮಿನಿ ಅಂದರೆ ಮಾಲೀಕ ಅಂತಲೂ ಅಲ್ಲ, ದುಡ್ಡು ತೆಗೆದು ವಾರಸುದಾರರಿಗೆ ಮುಟ್ಟಿಸುವವರು ಅಷ್ಟೇ. ಇದನ್ನು 2023ರಲ್ಲಿ ಷೇರುಗಳ ಬಗ್ಗೆ ಸುಪ್ರೀಂ ಕೋರ್ಟೇ ಹೇಳಿದೆ.

ಜಿಪಿಎ ಮೇಲೆ ಜಾಗ "ಕೊಳ್ಳುವವರೂ" ಇದ್ದಾರೆ. ಬರೀ ಜಿಪಿಎಯಿಂದ ಮಾಲೀಕತ್ವ ಬರುವುದಿಲ್ಲ ಅಂತ ಸುಪ್ರೀಂ ಕೋರ್ಟಿನ 2011ರ ಸೂರಜ್ ಲ್ಯಾಂಪ್ ತೀರ್ಪಿನಲ್ಲೇ ಬಂದಿದೆ. ಹೊರದೇಶದಲ್ಲಿರುವ ಮಕ್ಕಳು ಇಲ್ಲಿಯ ಜಾಗದ ಕೆಲಸಕ್ಕೆ ಅಪ್ಪನಿಗೆ ಜಿಪಿಎ ಕಳಿಸುವುದಾದರೆ ಅಲ್ಲಿಯ ನೋಟರಿ ಅಥವಾ ಭಾರತದ ಕಾನ್ಸುಲೇಟ್ ಎದುರು ಸಹಿ ಹಾಕಿ ಕಳಿಸಬೇಕು, ಅದು ಇಲ್ಲಿಗೆ ಬಂದ 3 ತಿಂಗಳೊಳಗೆ ಸ್ಟಾಂಪ್ ಶುಲ್ಕ ಕಟ್ಟಬೇಕು. ಇಂಥ ಕಡೆ ಎಲ್ಲ ಅಧಿಕಾರವನ್ನೂ ಒಂದೇ ಕಾಗದದಲ್ಲಿ ಕೊಡುವ ಬದಲು, ಆ ಒಂದು ಕೆಲಸಕ್ಕೆ ಮಾತ್ರ ಅಂತ ಸ್ಪೆಷಲ್ ಪವರ್ ಕೊಡಿ ಅಂತ ಒಳ್ಳೆಯ ವಕೀಲರು ಮೊದಲೇ ಹೇಳುತ್ತಾರೆ.

ಎಲ್ಲರಿಗೂ ಒಂದೇ ನಮೂನೆ ನಡೆಯುವುದೂ ಇಲ್ಲ. ಮುಸ್ಲಿಮರು ಉಳಿದ ವಾರಸುದಾರರ ಒಪ್ಪಿಗೆ ಇಲ್ಲದೆ ವಿಲ್‌ನಲ್ಲಿ ಬರೆಯಬಹುದಾದದ್ದು ಆಸ್ತಿಯ ಮೂರನೇ ಒಂದು ಭಾಗ ಮಾತ್ರ, ಭಟ್ಕಳದವರಿಗೆ ಇದು ಹೊಸತಲ್ಲ. ಕ್ರೈಸ್ತರ ವಿಲ್‌ಗೆ ಸಾಕ್ಷಿ ಹಾಕಿದವರಿಗೋ ಅವರ ಗಂಡ, ಹೆಂಡತಿಗೋ ಅದೇ ವಿಲ್‌ನಲ್ಲಿ ಏನಾದರೂ ಬರೆದಿದ್ದರೆ ಅಷ್ಟು ಭಾಗ ರದ್ದು. ಕ್ರೈಸ್ತರು ವಿಲ್ ಬರೆದ ಮೇಲೆ ಮದುವೆಯಾದರೆ ಹಳೇ ವಿಲ್ಲೇ ರದ್ದು. ಕಾರವಾರದವರ ನೆಂಟಸ್ತನವೆಲ್ಲ ಗೋವಾದಲ್ಲಿ. ಅಲ್ಲಿಯ ಕಾನೂನಿನಲ್ಲಿ ಮಕ್ಕಳಿರುವವರು ಅರ್ಧ ಆಸ್ತಿಯನ್ನು ಮಾತ್ರ ತಮ್ಮಿಷ್ಟದಂತೆ ಬರೆಯಬಹುದು. ಗಡಿಯ ಮಾಜಾಳಿ ದಾಟಿದ ಕೂಡಲೇ ಲೆಕ್ಕವೇ ಬೇರೆ.

ವಕೀಲರ ಫೀ ಜಾಸ್ತಿ ಅನ್ನುವ ಮಾತು ಬಂದೇ ಬರುತ್ತದೆ. ಕೆಲವರು ಜಾಸ್ತಿ ಕೇಳುತ್ತಾರೆ, ನಿಜ. ಕೆಲವರು ಅದೇ ಝೆರಾಕ್ಸ್ ನಮೂನೆಯನ್ನೇ ತಮ್ಮ ಲೆಟರ್‌ಹೆಡ್ಡಿನ ಜೊತೆ ಕೊಡುತ್ತಾರೆ, ಅದೂ ನಿಜ. ಪಹಣಿ, ಮ್ಯುಟೇಶನ್, ಹಳೇ ವಾಟ್ನಿ ಪತ್ರ ಕೇಳದೆ ಬರೆಯಲು ಕೂತ ವಕೀಲರಿಂದ ಎದ್ದು ಬನ್ನಿ. ದುಡ್ಡಿಲ್ಲದವರಿಗೆ ಕಾನೂನು ಸೇವಾ ಪ್ರಾಧಿಕಾರ ಇದೆ, ಜಿಲ್ಲೆಯದ್ದು ಕಾರವಾರದಲ್ಲಿ, ತಾಲೂಕುಗಳಲ್ಲಿ ಸಮಿತಿಗಳು. ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಅಂಗವಿಕಲರಿಗೆ ಆದಾಯ ಎಷ್ಟೇ ಇರಲಿ 1987ರ ಕಾಯ್ದೆಯಂತೆ ಉಚಿತ ನೆರವು ಸಿಗುತ್ತದೆ. ಫೋನ್ ನಂಬರ್ 15100.

ನಡೆಯಲಾಗದವರ ಮನೆಗೆ ಸಬ್ ರಿಜಿಸ್ಟ್ರಾರ್ ಅವರೇ ಬಂದು ವಿಲ್ ರಿಜಿಸ್ಟರ್ ಮಾಡಿಕೊಳ್ಳಲು ನೋಂದಣಿ ಕಾಯ್ದೆಯಲ್ಲಿ ಅವಕಾಶ ಇದೆ. ಮುಚ್ಚಿದ ಲಕೋಟೆಯಲ್ಲಿ ವಿಲ್ ಇಟ್ಟು ಜಿಲ್ಲಾ ನೋಂದಣಾಧಿಕಾರಿಗಳ ಹತ್ತಿರ ಇಡಬಹುದು. ರಿಜಿಸ್ಟರ್ ಮಾಡಿದರೆ ಮಕ್ಕಳಿಗೆ ಗೊತ್ತಾಗಿ ಜಗಳ ಶುರುವಾಗುತ್ತದೆ ಅನ್ನುವ ಹೆದರಿಕೆಯೂ ಬೇಡ, ಬರೆಸಿದವರು ಬದುಕಿರುವವರೆಗೆ ಅದರ ನಕಲು ಅವರಿಗೆ ಅಥವಾ ಅವರು ಅಧಿಕಾರ ಕೊಟ್ಟವರಿಗೆ ಮಾತ್ರ ಸಿಗುತ್ತದೆ. ಮನಸ್ಸು ಬದಲಾದರೆ ಇನ್ನೊಂದು ಬರೆಯಬಹುದು, ಕೊನೆಯದ್ದೇ ನಡೆಯುತ್ತದೆ. ಈ ನಾಲ್ಕು ವಿಷಯವನ್ನು ಪ್ರತಿ ಸಬ್ ರಿಜಿಸ್ಟ್ರಾರ್ ಕಚೇರಿಯ ಹೊರಗೆ ಕನ್ನಡದಲ್ಲಿ ದೊಡ್ಡ ಅಕ್ಷರದ ಬೋರ್ಡ್ ಮಾಡಿ ಹಾಕಲು ಏನು ಕಷ್ಟ? ಮಕ್ಕಳೆಲ್ಲ ಬೆಂಗಳೂರು, ಅಮೆರಿಕ ಸೇರಿ ವಯಸ್ಸಾದವರಿಬ್ಬರೇ ಉಳಿದ ಮನೆಗಳು ನಮ್ಮ ಘಟ್ಟದ ಮೇಲೆ ಎಷ್ಟಿವೆ ಅಂತ ಅಧಿಕಾರಿಗಳಿಗೆ ಗೊತ್ತಿಲ್ಲದ್ದೇನಲ್ಲ. ಮಳೆಗಾಲದಲ್ಲಿ ಅವರು ಪೇಟೆಗೆ ಬರುವುದೇ ಒಂದು ಸಾಹಸ. ಕಾನೂನು ಸೇವಾ ಸಮಿತಿಯವರು ಬೇಸಿಗೆಯಲ್ಲಿ, ಅಡಿಕೆ ಕೊಯ್ಲು ಮುಗಿದ ಮೇಲೆ, ಪಂಚಾಯ್ತಿ ಮಟ್ಟದಲ್ಲೇ ವಿಲ್‌ಗೆ ಅಂತ ಒಂದು ದಿನ ಕೂರಲಿ. ನಿಮ್ಮ ಪತ್ರಿಕೆಯವರೂ ಸ್ಥಳೀಯ ವಕೀಲರಿಂದ ಓದುಗರ ಪ್ರಶ್ನೆಗಳಿಗೆ ವಾರಕ್ಕೊಮ್ಮೆ ಉತ್ತರ ಬರೆಸಿದರೆ ಚೆನ್ನ.

ಪತ್ರ ಉದ್ದವಾಯಿತು, ಕತ್ತರಿಸಿಕೊಳ್ಳಿ. 15100 ನಂಬರನ್ನು ಮಾತ್ರ ತೆಗೆಯಬೇಡಿ.

ನಿಮ್ಮ ಓದುಗ,
ಶಿರಸಿ