ಜ್ವರ ಬಂದ ಮಕ್ಕಳನ್ನು ಘಟಿಕೋತ್ಸವಕ್ಕೆ ಎಳೆಯಬೇಡಿ: ಉನ್ನತ ಶಿಕ್ಷಣ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಉನ್ನತ ಶಿಕ್ಷಣ ಸಚಿವರೇ,

ನಮಸ್ಕಾರ. ವಿಶ್ವವಿದ್ಯಾಲಯಕ್ಕೆ ಬರೆದು ಬರೆದು ಸಾಕಾಗಿದೆ. ರಾಜ್ಯದ ವಿಶ್ವವಿದ್ಯಾಲಯಗಳಿಗೆ ನೀವೇ ಸಮಕುಲಾಧಿಪತಿ, ಹಾಗಾಗಿ ನೇರವಾಗಿ ನಿಮ್ಮನ್ನೇ ಕೇಳುತ್ತೇನೆ. ಘಟಿಕೋತ್ಸವವೋ ಯುವಜನೋತ್ಸವವೋ, ಯಾವುದೇ ಇರಲಿ. ಜ್ವರ, ಕೆಮ್ಮು ಇರುವ ವಿದ್ಯಾರ್ಥಿ ಬರಬೇಕಿಲ್ಲ, ಬರದಿದ್ದರೆ ಏನೂ ನಷ್ಟ ಆಗುವುದಿಲ್ಲ ಅಂತ ಒಂದು ಸುತ್ತೋಲೆ ಹೊರಡಿಸಿ. ಒಂದು ಪುಟ ಸಾಕು.

ನನ್ನ ಮಗಳಿಗೆ ಎಂ.ಎಸ್ಸಿಯಲ್ಲಿ ರ‍್ಯಾಂಕ್ ಬಂದಿತ್ತು. ಘಟಿಕೋತ್ಸವದ ಹಿಂದಿನ ದಿನ ರಿಹರ್ಸಲ್. ಅವತ್ತು ಬೆಳಿಗ್ಗೆಯೇ ಅವಳಿಗೆ ಮೈಯೆಲ್ಲ ಸುಡುತ್ತಿತ್ತು. ಫೋನ್ ಮಾಡಿ ಕೇಳಿದರೆ, "ರಿಹರ್ಸಲ್‌ಗೆ ಬರದಿದ್ದರೆ ವೇದಿಕೆ ಹತ್ತಿಸಲ್ಲ, ಆಮೇಲೆ ಅರ್ಜಿ ಹಾಕಿ ತಗೊಳ್ಳಿ" ಅಂದರು. ಪ್ಯಾರಾಸಿಟಮಾಲ್ ನುಂಗಿ ಹೋದಳು. ಅವಳೊಬ್ಬಳೇ ಅಲ್ಲ, ಸಾಲಿನಲ್ಲಿ ಅರ್ಧ ಜನ ಹಾಗೇ ಬಂದಿದ್ದರಂತೆ.

ಮರುದಿನ ನಾವೂ ಹೋದೆವು. ಬಾಗಿಲಲ್ಲಿ ಪಾಸ್ ನೋಡಿದರು, ಗುರುತಿನ ಚೀಟಿ ನೋಡಿದರು, ನೀರಿನ ಬಾಟಲಿ ಕಿತ್ತಿಟ್ಟುಕೊಂಡರು. ಹುಷಾರಿದ್ದೀರಾ ಅಂತ ಒಬ್ಬರೂ ಕೇಳಲಿಲ್ಲ. ವೈರಸ್ಸಿಗೆ ಪಾಸ್ ಬೇಡ ಅಂತ ಕಾಣುತ್ತದೆ. ಗಣ್ಯರು ಬರುವ ಎಷ್ಟೋ ಹೊತ್ತಿನ ಮೊದಲೇ ಬಾಗಿಲು ಹಾಕಿದರು. ಕಿಟಕಿಗಳಿಗೆ ಪರದೆ. ಮೈಕ್‌ಗೆ ತೊಂದರೆ ಅಂತ ಫ್ಯಾನೂ ಆರಿಸಿದರು. ಒಬ್ಬ ಹುಡುಗ ಬಿಡದೆ ಕೆಮ್ಮುತ್ತಿದ್ದ, ಹೊರಗೆ ಹೋಗಿ ಬರುತ್ತೇನೆ ಅಂದ. "ಗಣ್ಯರು ಹೊರಡೋ ತನಕ ಯಾರೂ ಏಳೋ ಹಾಗಿಲ್ಲ" ಅಂತ ಕೂರಿಸಿದರು. ಸ್ವಾಗತ ಭಾಷಣಕ್ಕೆ ಮಾತ್ರ ಸಮಯದ ಮಿತಿ ಇರಲಿಲ್ಲ ಬಿಡಿ. ಬೇರೆಯವರು ಬಿಚ್ಚಿಟ್ಟ ಗೌನನ್ನೇ ಮುಂದಿನವರಿಗೆ ತೊಡಿಸಿದರು.

ಆ ವಾರದಲ್ಲೇ ಹಾಸ್ಟೆಲ್‌ನ ಕೋಣೆ ಕೋಣೆಯಲ್ಲೂ ಮಕ್ಕಳು ಮಲಗಿದ್ದರು. ನಮ್ಮ ಮನೆಯಲ್ಲಿ ನನ್ನ ತಾಯಿಗೆ ತಗುಲಿತು. ಮೊದಲೇ ಸಕ್ಕರೆ ಕಾಯಿಲೆ, ಜೊತೆಗೆ ಉಬ್ಬಸ. ಆಕ್ಸಿಜನ್ ಕೊಡಿಸಬೇಕಾಯಿತು. ಬದುಕಿದರು. ಆದರೆ ಈಗ ನಾಲ್ಕು ಮೆಟ್ಟಿಲು ಹತ್ತಿದರೂ ಏದುಸಿರು. ಮಗಳ ಪದಕ ನೋಡಿದಾಗಲೆಲ್ಲ ನನಗೆ ನೆನಪಾಗುವುದು ಆಸ್ಪತ್ರೆ ಬಿಲ್ಲು.

ನಿಯಮ ನಿಮಗೆ ಗೊತ್ತಿಲ್ಲದ್ದಲ್ಲ. 2009ರಲ್ಲಿ ಎಚ್1ಎನ್1 (ಹಂದಿಜ್ವರ) ಬಂದಾಗ ಕೇಂದ್ರ ಆರೋಗ್ಯ ಸಚಿವಾಲಯ ರೋಗಿಗಳನ್ನು ಎ, ಬಿ, ಸಿ ಅಂತ ವಿಂಗಡಿಸಿತ್ತು. ಸಣ್ಣ ಜ್ವರದ 'ಎ' ವರ್ಗದವರಿಗೂ ಹೇಳಿದ್ದು ಮನೆಯಲ್ಲೇ ಇರಿ, ಜನರ ಜೊತೆ ಬೆರೆಯಬೇಡಿ ಅಂತಲೇ. 2023ರ ಮಾರ್ಚ್‌ನಲ್ಲಿ ದೇಶದಲ್ಲಿ ಎಚ್3ಎನ್2 ಎಂಬ ಫ್ಲೂ ವೈರಸ್ಸಿನಿಂದ ಮೊದಲು ವರದಿಯಾದ ಸಾವುಗಳಲ್ಲಿ ಒಂದು ನಮ್ಮ ಹಾಸನ ಜಿಲ್ಲೆಯದ್ದೇ, ವಯಸ್ಸಾದವರು. ಜನವರಿಯಿಂದ ಮಾರ್ಚ್, ಮತ್ತೆ ಮಳೆಗಾಲದ ಕೊನೆ, ಇವೇ ಫ್ಲೂ ಕಾಲ. ಎಷ್ಟೋ ಸಮಾರಂಭಗಳೂ ಅದೇ ಹೊತ್ತಿಗೆ. ಯುವಜನೋತ್ಸವದಲ್ಲಂತೂ ಬೇರೆ ಬೇರೆ ಊರಿನ ಮಕ್ಕಳು ಒಂದೇ ಜಮಖಾನೆ ಮೇಲೆ ಸಾಲಾಗಿ ಮಲಗುತ್ತಾರೆ.

ಫ್ಲೂ ಬಂದವರು ಲಕ್ಷಣ ಕಾಣುವ ಒಂದು ದಿನ ಮೊದಲಿನಿಂದಲೇ ಹರಡುತ್ತಾರೆ, ಆಮೇಲೆ ಐದಾರು ದಿನವೂ ಹರಡುತ್ತಾರೆ. ಅಂದರೆ ಸುಮ್ನೆ ಬಾಗಿಲಲ್ಲಿ ಹಣೆಗೆ ಯಂತ್ರ ಹಿಡಿದರೆ ಸಾಲದು. ಕಿಟಕಿ ತೆರೆಸಿ, ಸಾಧ್ಯವಾದರೆ ಬಯಲಲ್ಲಿ ಪೆಂಡಾಲ್ ಹಾಕಿಸಿ. ಎಲ್ಲಕ್ಕಿಂತ ಮೊದಲು, ಹುಷಾರಿಲ್ಲದವರನ್ನು ಬರಬೇಡಿ ಅನ್ನಿ. ಶೇ 75 ಹಾಜರಾತಿ ಅಂತ ಹೆದರಿಸಿ ಇಟ್ಟರೆ ಯಾವ ಮಗು ಮನೆಯಲ್ಲಿ ಮಲಗುತ್ತದೆ ಹೇಳಿ?

ಲಸಿಕೆ ಕೊಡಿಸಿ ಅಂತಲೂ ಕೇಳಬಹುದಿತ್ತು. ಅದನ್ನು ಎರಡು ವಾರ ಮುಂಚೆಯಾದರೂ ಹಾಕಿಸಬೇಕು, ದುಡ್ಡೂ ಬೇಕು, ಫೈಲು ಓಡಾಡಬೇಕು. ಸುತ್ತೋಲೆಗೆ ಇದ್ಯಾವುದೂ ಬೇಡ ಅಲ್ವಾ? ಜ್ವರ ಇದ್ದವರು ಬರಬೇಕಿಲ್ಲ, ಬರದಿದ್ದರೆ ಶಿಕ್ಷೆ ಇಲ್ಲ, ಪದಕ ಮತ್ತು ಪ್ರಮಾಣಪತ್ರ ಅದೇ ಗೌರವದಿಂದ ಆಮೇಲೆ ಕೊಡುತ್ತೇವೆ. ಇಷ್ಟೇ ಬರೆಯಿರಿ.

ನನ್ನ ಮಗ ಈ ವರ್ಷ ಪದವಿ ಮುಗಿಸುತ್ತಾನೆ. ಅವನ ಘಟಿಕೋತ್ಸವದ ಆಹ್ವಾನ ಪತ್ರಿಕೆಗಿಂತ ಮೊದಲು ನಿಮ್ಮ ಸುತ್ತೋಲೆ ಕಾಲೇಜಿನ ನೋಟಿಸ್ ಬೋರ್ಡಿಗೆ ಬರಲಿ.

ಇತಿ,
ಒಬ್ಬ ತಂದೆ